ಕುಡಿಕೆಯ ಬಾಯಲ್ಲಿ ನಿಂತವಳು

ನಾನು ಮೀನು. ನಿಮ್ಮ ನಡುಬೆರಳಿನಷ್ಟು ಉದ್ದ, ಮೈಮೇಲೆ ಬೂದು-ಕಪ್ಪು ಪಟ್ಟೆ, ಹೊಟ್ಟೆಯ ಹತ್ತಿರ ಒಂದಿಷ್ಟು ಕಿತ್ತಳೆ ಬಣ್ಣ. ಜಾತಿಯಲ್ಲಿ ಸಿಕ್ಲಿಡ್. ಸಣ್ಣವಳು ಎನ್ನಿ, ಸಿಟ್ಟಿನವಳು ಎನ್ನಿ, ಒಪ್ಪುತ್ತೇನೆ. ಆದರೆ ಶಂಭುಲಿಂಗಪ್ಪನವರ ಸೀರೆ ಅಂಗಡಿಗೆ ಬಂದುಹೋದವರೆಲ್ಲ ಊರ ತುಂಬ ಹೇಳಿಕೊಂಡು ತಿರುಗಿದರಲ್ಲ, ಆ ಮೀನು ಕೆಟ್ಟದ್ದು ಎಂದು, ಅದನ್ನು ಇವತ್ತಿಗೂ ಒಪ್ಪುವುದಿಲ್ಲ. ಮೊದಲಿನಿಂದ ಹೇಳುತ್ತೇನೆ. ಆಮೇಲೆ ನೀವೇ ಹೇಳಿ.

ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಮೀನಿನ ವ್ಯಾಪಾರಿ ದಸ್ತಗೀರ್ ಸಾಹೇಬರ ಮನೆಯ ತಾರಸಿಯ ಮೇಲೆ ಒಂದು ಸಿಮೆಂಟಿನ ತೊಟ್ಟಿ, ಅದೇ ನನ್ನ ತವರು. ನಮ್ಮ ಹಿರೀಕರು ಸಮುದ್ರದಾಚೆಯ ಯಾವುದೋ ಕಲ್ಲುಹೊಳೆಯವರಂತೆ. ಆ ಹೊಳೆಯನ್ನು ನಾನು ಕಂಡಿಲ್ಲ. ಆದರೂ ಒಂದು ಕಲ್ಲು, ಅದರ ಸುತ್ತ ನನ್ನದೇ ಒಂದಿಷ್ಟು ನೀರು, ಅಲ್ಲಿಗೆ ಮೂತಿ ತೂರಿಸಿದವರನ್ನು ಓಡಿಸುವ ಹಟ, ಇಷ್ಟನ್ನು ರಕ್ತದಲ್ಲೇ ತಂದಿದ್ದೆ. ತಾಯಿಯ ನೆನಪು ಸ್ವಲ್ಪ ಇದೆ. ಅವಳು ರೆಕ್ಕೆಯಿಂದ ತಳದ ಕೆಸರು ಕದಡಿ ನಮಗೆ ಉಣಿಸುತ್ತಿದ್ದಳು. ತೊಟ್ಟಿಯೊಳಗೆ ಸಾಹೇಬರ ಕೈ ಇಳಿದರೆ ಆ ಕೈಯನ್ನೂ ಬಿಡುತ್ತಿರಲಿಲ್ಲ.

ಮೈಗೆ ಪಟ್ಟೆ ಗಟ್ಟಿಯಾದ ಮೇಲೆ ನಾನು ಅಂಗಡಿಗೆ ಇಳಿದೆ. ಅಲ್ಲಿಗೆ ಬಂದರು ಶಂಭುಲಿಂಗಪ್ಪನವರು. ತಮ್ಮ ಅಂಗಡಿಯ ಮುಂದುಗಡೆ ದೊಡ್ಡ ಗಾಜಿನ ತೊಟ್ಟಿ ಇಡಿಸಿದ್ದರು, ಅದಕ್ಕೆ ಮೀನು ಬೇಕಿತ್ತು. ಬಂದವರ ಕೈಯಲ್ಲಿ ಒಂದು ಹಳದಿ ಖಣ, ಕುಪ್ಪಸದ ತುಂಡುಬಟ್ಟೆ. ಅದನ್ನು ಒಂದೊಂದು ತೊಟ್ಟಿಯ ಗಾಜಿಗೂ ಹಿಡಿದು, ಕತ್ತು ಓರೆ ಮಾಡಿ ನೋಡಿ, ಸೀರೆಗೆ ಕುಪ್ಪಸ ಹೊಂದಿಸುವ ಹಾಗೆಯೇ ಮೀನು ಆರಿಸತೊಡಗಿದರು. ಬಂಗಾರದ ಬಣ್ಣದ ಉದ್ದ ಬಾಲದ ಗೋಲ್ಡ್‌ಫಿಶ್ ಕೆಲವು, ಬೆಳ್ಳಿ ಬಣ್ಣದ ಏಂಜಲ್ ಮೀನು ಕೆಲವು. ಅಂಚಿಗೆ ಕಪ್ಪು ಪಟ್ಟೆ ಇದ್ದರೆ ಎದ್ದು ಕಾಣುತ್ತದೆ ಎಂದು ನಾನು, ನನ್ನ ಜೊತೆಗೊಬ್ಬ ನಮ್ಮವನೇ ಗಂಡು.

"ಸಾವ್ಕಾರ್ರ, ಪಟ್ಟಿ ಮೀನ ಇವುಗಳ ಜೋಡಿ ಕೂಡಂಗಿಲ್ರಿ. ಅದರ ಸ್ವಭಾವನ ಬ್ಯಾರೆ," ಎಂದರು ದಸ್ತಗೀರ್ ಸಾಹೇಬರು.

"ಏ ಸಾಹೇಬ್ರ, ಹುಟ್ಟಿದಾಗಿಂದ ಸೀರಿಗೆ ಖಣ ಕೂಡಸ್ಕೋಂತ ಬಂದೇನಿ. ಮೀನಿಗೆ ಮೀನ ಕೂಡಸಾಕ ಬರಂಗಿಲ್ಲೇನು ನನಗ? ಎಲ್ಲಾ ಅಡ್ಜಸ್ಟ್ ಆಗ್ತಾವ ಬಿಡ್ರಿ!"

ಆ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲೇ. ಅಡ್ಜಸ್ಟ್.

ಹೊಸ ತೊಟ್ಟಿಯಲ್ಲಿ ಅಂದಕ್ಕೆಂದು ಒಂದು ಮಣ್ಣಿನ ಕುಡಿಕೆ ಮಲಗಿಸಿದ್ದರು. ನೋಡಿದ ಕೂಡಲೇ ಅದು ನನ್ನದೆಂದು ನಿಶ್ಚಯವಾಯಿತು. ಗೋಲ್ಡ್‌ಫಿಶ್‌ಗಳಿಗೆ ಅದೊಂದೂ ತಿಳಿಯದು. ಬಾಯಿ ಪಚಪಚ ಮಾಡುತ್ತ, ಸೆರಗು ಎಳೆದುಕೊಂಡು, ನೆಟ್ಟಗೆ ನನ್ನ ಬಾಗಿಲಿಗೇ ಬರುವವು. ಒಮ್ಮೆ ಬೆದರಿಸಿದೆ. ಇನ್ನೊಮ್ಮೆ ಬೆದರಿಸಿದೆ. ಮತ್ತೆ ಬಂದಾಗ ಬಾಲ ಹರಿದೆ. ಏಂಜಲ್ ಮೀನಿನ ಮೀಸೆಯಂಥ ರೆಕ್ಕೆಯೂ ಉಳಿಯಲಿಲ್ಲ.

"ಅಯ್ಯ ನನ್ನವ್ವಾ, ಇದೆಂಥಾ ಗಯ್ಯಾಳಿ ಮೀನ!" ಎಂದು ಸೀರೆ ಕೊಳ್ಳಲು ಬಂದ ಹೆಂಗಸೊಬ್ಬಳು ಗಾಜಿಗೆ ಮೂಗು ಒತ್ತಿದಳು.

ಮೂಲೆಯಿಂದ ಹೊಲಿಗೆ ಮಶೀನು ನಿಂತ ಸದ್ದು. "ಗಯ್ಯಾಳಿ ಯಾಕಬೇ? ಅದರ ಮನಿ ಬಾಗಲದಾಗ ಹೋಗಿ ನಿಂತ್ರ ಅದೇನ್ ಆರತಿ ಎತ್ತೀತೇನ?"

ಆ ದನಿ ಕಾಶವ್ವನದು. ನನ್ನ ತೊಟ್ಟಿಯ ಪಕ್ಕದಲ್ಲೇ ಕುಳಿತು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಕೆಳಗಿನಿಂದ ನೋಡಿದರೆ ನನಗೆ ಕಾಣುತ್ತಿದ್ದದ್ದು ಅವಳ ಗದ್ದ, ಹಿತ್ತಾಳೆ ಬಳೆ, ಬಾಯಲ್ಲಿ ಕಚ್ಚಿದ ಸೂಜಿ. ಗಂಡ ತೀರಿಕೊಂಡ ಮೇಲೆ ಅತ್ತೆಮನೆಯ ನೆಗೆಣ್ಣಿಯರ ನಡುವೆ ಕೆಲವು ಕಾಲ ಇದ್ದು, ಆಮೇಲೆ ಹೊರಬಿದ್ದು, ಬಾಡಿಗೆಗೆ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದಾಳೆ ಎಂಬುದು ಅವಳ ಅಣ್ಣ ಮಲ್ಲೇಶಿಯ ಮಾತಿನಿಂದ ತಿಳಿಯಿತು. ಅವನು ಆಗಾಗ ಬಂದು ಮಶೀನಿನ ಎದುರಿಗೆ ಸ್ಟೂಲು ಎಳೆದುಕೊಂಡು ಕೂರುವನು.

"ಕಾಶೀ, ಎಲ್ಲಾರ ಮನ್ಯಾಗೂ ಇದ್ದದ್ದ ಇದು. ಒಂದೀಟ ಅಡ್ಜಸ್ಟ್ ಆಗಿ ಹೊಳ್ಳಿ ಹೋಗಿಬಿಡವ್ವಾ."

"ಯಣ್ಣಾ, ಅಡ್ಜಸ್ಟ್ ಆಗಿ ಆಗಿ ಕಡೀಕ ಒಲಿ ಮಗ್ಗಲಾಗ ಮಲಗೂ ಹಂಗಾತು. ಇನ್ನ ಎಷ್ಟ ಸಣ್ಣಾಕಿ ಆಗ್ಲಿ ಹೇಳು."

ಮಲ್ಲೇಶಿ ಚಹಾ ಕುಡಿದು ಎದ್ದುಹೋದ. ನಾನು ಕುಡಿಕೆಯ ಬಾಯಲ್ಲಿ ನಿಂತು ಆ ಮಾತನ್ನು ಮೆಲುಕು ಹಾಕಿದೆ.

ಬಾಲ ಹರಿದ ಗೋಲ್ಡ್‌ಫಿಶ್‌ಗಳು, ಏಂಜಲ್‌ಗಳು ಸಾಹೇಬರ ಅಂಗಡಿಗೆ ವಾಪಸು ಹೋದವು. ತೊಟ್ಟಿ ನಮ್ಮಿಬ್ಬರದೇ ಆಯಿತು. ಅದೇ ನನ್ನ ಒಳ್ಳೆಯ ಕಾಲ. ಕುಡಿಕೆಯ ಒಳಗೋಡೆಯನ್ನು ಇಬ್ಬರೂ ಬಾಯಿಂದ ತಿಕ್ಕಿ ತಿಕ್ಕಿ ಬೆಳಗಿದೆವು. ನಾನು ತತ್ತಿ ಅಂಟಿಸಿದೆ, ರೆಕ್ಕೆಯಿಂದ ಗಾಳಿ ಹಾಕಿದೆ. ಅವನು ಹೊರಗೆ ಕಾವಲು. ತತ್ತಿ ಒಡೆದು ಮರಿಗಳಾದವು, ಮರಿಗಳು ಈಜತೊಡಗಿದವು, ಗಸಗಸೆ ಚೆಲ್ಲಿದಷ್ಟು. ಕಾಶವ್ವ ಹೊಲಿಗೆ ಬಿಟ್ಟು ಗಾಜಿಗೆ ಕಣ್ಣು ಹಚ್ಚುವಳು. "ಬಾಣಂತಿಗೆ ಏನರ ಹಾಕ್ರಿ ಸಾವ್ಕಾರ್ರ," ಎಂದು ನಗುವಳು.

ಸಾವಕಾರರು ಹಾಕಿದರು. ಏನು ಹಾಕಿದರು ಕೇಳಿ.

ದೀಪಾವಳಿ ಹತ್ತಿರ ಬಂದಿತ್ತು. ಹಣೆಯಲ್ಲಿ ಗಡ್ಡೆ ಇರುವ ಮೀನು ಅಂಗಡಿಯಲ್ಲಿದ್ದರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ವಾಸ್ತು ನೋಡುವವರು ಯಾರೋ ಅವರಿಗೆ ಹೇಳಿದ್ದರು. ಬಂತು ನೋಡಿ ಒಂದು ಫ್ಲವರ್‌ಹಾರ್ನ್! ಅಂಗೈಗಿಂತ ಅಗಲ, ಕೆಂಪು ಮೈ, ತಲೆಯ ಮೇಲೆ ತೆಂಗಿನಕಾಯಿ ಕಟ್ಟಿಕೊಂಡಂಥ ಗಡ್ಡೆ. ಗಜರಾಜ ಎಂದು ಹೆಸರಿಟ್ಟು, ಗಾಜಿಗೆ ಕುಂಕುಮ ಹಚ್ಚಿ, ನಮ್ಮ ನೀರಿನೊಳಗೇ ಇಳಿಬಿಟ್ಟರು. ಅವನೂ ಸಿಕ್ಲಿಡ್ಡೇ, ನಮ್ಮ ಪೈಕಿಯವನೇ. ಆದ್ದರಿಂದಲೇ ಅವನಿಗೂ ಇಡೀ ತೊಟ್ಟಿ ತನ್ನದೇ ಎನಿಸಿತು. ಅವನದು ತಪ್ಪೆಂದು ನಾನು ಹೇಳಲಾರೆ. ನನ್ನದಂತೂ ಅಲ್ಲವೇ ಅಲ್ಲ.

ನನ್ನ ಜೊತೆಗಾರ ಅವನಿಗೆ ಎದುರಾದ. ಮಧ್ಯಾಹ್ನದ ಹೊತ್ತಿಗೆ ನೀರ ಮೇಲೆ ತೇಲಿದ.

ನಾನು ಮರಿಗಳನ್ನೆಲ್ಲ ಕುಡಿಕೆಯೊಳಗೆ ಕರೆದುಕೊಂಡೆ. ಕುಡಿಕೆಯ ಬಾಯಿ ಸಣ್ಣದು, ಗಜರಾಜನ ಗಡ್ಡೆ ದೊಡ್ಡದು. ಒಳಗೆ ಬರಲಾರ. ಆದರೆ ಮೂತಿಯಿಂದ ಗುದ್ದಿ ಕುಡಿಕೆಯನ್ನು ಉರುಳಿಸತೊಡಗಿದ. ಒಂದು ಉರುಳಿಗೆ ಒಂದಿಷ್ಟು ಮರಿ ಹೊರಬಿದ್ದರೆ ಅವನ ಹೊಟ್ಟೆಗೆ. ಓಡಿಹೋಗಲು ನನಗೆ ಜಾಗವಿತ್ತು, ನೀರು ಸೋಸುವ ಮೋಟಾರಿನ ಹಿಂದೆ ಸಂದು ಇತ್ತು. ಹೋಗಲಿಲ್ಲ. ಹೊರಗೆ ನುಗ್ಗಿ ಅವನ ತುಟಿ ಕಚ್ಚಿದೆ. ಅವನು ಹಿಂದೆ ಸರಿದ, ಮತ್ತೆ ಬಂದ. ಮತ್ತೆ ಕಚ್ಚಿದೆ. ನನ್ನ ಹೆಗಲ ರೆಕ್ಕೆ ಒಂದು ಹೋಯಿತು.

"ಸಾವ್ಕಾರ್ರ, ಆ ದೊಡ್ಡದನ್ನ ಹೊರಗ ತೆಗೀರಿ! ಮರಿ ತಿನ್ನಾಕತ್ತೈತಿ," ಕಾಶವ್ವ ಕೂಗಿದಳು.

"ಹಬ್ಬದ ಮುಂದ ಲಕ್ಷ್ಮೀನ ಹೊರಗ ಹಾಕಂದ್ರ ಹೆಂಗವ್ವಾ? ತಿಂದ್ರ ತಿನ್ಲಿ ಬಿಡು, ಅದಕ್ಕೂ ಹೊಟ್ಟಿ ಐತಿ. ಆ ಸಣ್ಣದೊಂದೀಟ ಅಡ್ಜಸ್ಟ್..."

"ಆ ಮಾತ ಆಡಬ್ಯಾಡ್ರಿ ನನ್ನ ಮುಂದ!"

ಅಂಗಡಿ ತುಂಬ ಗಿರಾಕಿ. ಗಾದಿಯ ಮೇಲೆ ಹರವಿದ್ದ ಸೀರೆಗಳನ್ನು ದಾಟಿಕೊಂಡು ಬಂದಳು. ಸೆರಗು ಸಿಕ್ಕಿಸಿದಳು. ಬಳೆಗಳ ಸಮೇತ ಅವಳ ಕೈ ನೀರಿಗಿಳಿಯಿತು. ನನಗೇನು ಗೊತ್ತು? ದೊಡ್ಡದೊಂದು ಕೈ ನನ್ನ ಮರಿಗಳ ಕಡೆ ಬರುತ್ತಿದೆ, ಅಷ್ಟೇ. ನಾನು ಕುಡಿಕೆಯೊಳಗೆ ಹೊಕ್ಕು ಬಾಯಿಗೆ ಅಡ್ಡ ನಿಂತೆ. ಅವಳು ಅಂಗೈಯಿಂದ ಕುಡಿಕೆಯ ಬಾಯಿ ಮುಚ್ಚಿದಳು. ಆ ಅಂಗೈಯನ್ನು ಕಚ್ಚಿದೆ. ಬೆರಳಿನ ಸಂದಿಯಲ್ಲಿ ಕಚ್ಚಿದೆ, ಸೂಜಿ ಚುಚ್ಚಿ ಗಟ್ಟಿಯಾದ ತುದಿಯನ್ನೂ ಕಚ್ಚಿದೆ. ಅವಳು ಕೈ ತೆಗೆಯಲಿಲ್ಲ.

"ಕಚ್ಚವ್ವಾ, ಕಚ್ಚು. ಹಡದಾಕಿ ಕಚ್ಚದ ಇನ್ಯಾರು ಕಚ್ಚಬೇಕು?"

ಕುಡಿಕೆ, ನೀರು, ಮರಿ, ನಾನು, ಎಲ್ಲರೂ ಒಟ್ಟಿಗೆ ಅವಳ ಕುಡಿಯುವ ನೀರಿನ ಕೊಡಕ್ಕೆ ಇಳಿದೆವು.

"ಅದನ್ನ ಒಯ್ದ್ರ ನಿನ್ನ ಮಶೀನೂ ಒಯ್ಯವ್ವಾ ಕಾಶವ್ವಾ!" ಸಾವಕಾರರು ಗಿರಾಕಿಗಳ ಎದುರಿಗೆ ಮುಖ ಕೆಂಪಗೆ ಮಾಡಿಕೊಂಡು ಕೂಗಿದರು.

"ಒಯ್ತೀನ್ರಿ. ಮಶೀನ ನಂದ ಐತಿ," ಎಂದಳು ಕಾಶವ್ವ. ಒಂದು ಆಟೋ ಕರೆದು, ಮಶೀನನ್ನು ಸೀಟಿನ ಮೇಲೆ, ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಟೇಬಿಟ್ಟಳು. ಪ್ರತಿ ಗುಂಡಿಗೂ ಕೊಡ ತುಳುಕುತ್ತಿತ್ತು, ಪ್ರತಿ ತುಳುಕಿಗೂ ಅವಳು ಡ್ರೈವರನನ್ನು ಬೈಯುತ್ತಿದ್ದಳು.

ಅವಳ ಖೋಲಿಯ ಕಿಟಕಿಯಲ್ಲಿ ನನಗೆ ಮನೆಯಾಯಿತು. ದಸ್ತಗೀರ್ ಸಾಹೇಬರು ಅಂಚು ಮುಕ್ಕಾದ ಹಳೆಯ ಗಾಜಿನ ತೊಟ್ಟಿ ಕೊಟ್ಟರು. ಮರಿಗಳು ಅಲ್ಲೇ ದೊಡ್ಡವಾಗಿ, ಮೈಗೆ ಪಟ್ಟೆ ಬಂದು, ಒಂದನ್ನೊಂದು ಅಟ್ಟತೊಡಗಿದ ಮೇಲೆ ಸಾಹೇಬರ ತಾರಸಿಗೆ ಹೋದವು. ಕಳಿಸುವಾಗ ನಾನು ಅಳಲಿಲ್ಲ. ಅಷ್ಟು ಹೊತ್ತಿಗೆ ನಾನೇ ಅವನ್ನು ಓಡಿಸುತ್ತಿದ್ದೆ.

ಆಮೇಲೆ ಕಾಶವ್ವನೂ ಒಮ್ಮೆ ಎಡವಿದಳು. ಪಾಪ ಒಬ್ಬಾಕಿನ ಅದಾಳ ಎಂದು ಮರುಗಿ, ನನ್ನ ಜೊತೆಗೆ ಎರಡು ಪುಟ್ಟ ಗಪ್ಪಿ ಮೀನು ತಂದು ಬಿಟ್ಟಳು. ರುಚಿಯಾಗಿದ್ದವು. ಖಾಲಿ ನೀರನ್ನು ನೋಡಿ ಕಾಶವ್ವ ಸೊಂಟಕ್ಕೆ ಕೈ ಇಟ್ಟು ನಿಂತಳು. ಆಮೇಲೆ ನಕ್ಕಳು. "ಆತು ತಾಯಿ. ನನ್ನ ಜೋಡಿ ಇರಾಕ ಯಾರನರ ಕಳಸ್ತೀನಿ ಅಂತ ಮಲ್ಲೇಶಣ್ಣ ಅಂದಾಗ ನನಗೂ ಹಿಂಗ ಆಗಿತ್ತು." ಸಾಹೇಬರನ್ನು ಕೇಳಿ ತಂದದ್ದು ಒಬ್ಬ ಪಾಚಿ ತಿನ್ನುವವನನ್ನು. ತಗಡಿನಂಥ ಮೈ, ಗಾಜಿಗೆ ಬಾಯಿ ಅಂಟಿಸಿಕೊಂಡು ಬಿದ್ದಿರುತ್ತಾನೆ. ಅವನಿಗೆ ನನ್ನ ಕುಡಿಕೆ ಬೇಡ, ನನಗೆ ಅವನ ಪಾಚಿ ಬೇಡ. ನಮ್ಮ ನಡುವೆ ಮಾತಿಲ್ಲ, ಜಗಳವೂ ಇಲ್ಲ.

ಸೀರೆ ಹಿಡಿದುಕೊಂಡು ಹೆಂಗಸರು ಈಗ ಈ ಕಿಟಕಿಗೇ ಬರುತ್ತಾರೆ. ಒಂದು ದಿನ ಶಂಭುಲಿಂಗಪ್ಪನವರೂ ಬಂದರು. ಕೈಯಲ್ಲಿ ಫಾಲ್ ಹಚ್ಚಬೇಕಾದ ಸೀರೆಗಳ ಗಂಟು. ಗಜರಾಜ ದೊಡ್ಡ ತೊಟ್ಟಿಯಲ್ಲಿ ಒಬ್ಬನೇ ಇದ್ದಾನಂತೆ, ಗಟ್ಟಿಮುಟ್ಟಾಗಿದ್ದಾನಂತೆ. ಗಂಟು ಇಳಿಸಿ, ನನ್ನ ಕಡೆ ನೋಡಿ, ಕೆಮ್ಮಿದರು.

"ಕಾಶವ್ವಾ, ಇದರ ಮರಿ ಏನರ ಅದಾವೇನು? ಇನ್ನೊಂದ ತೊಟ್ಟಿ ಮಾಡಸಾಕತ್ತೇನಿ."

"ಯಾರ ಜೋಡಿ ಇಡ್ತೀರಿ, ಅದನ್ನ ಹೇಳ್ರಿ ಮೊದ್ಲ."

ಸಾವಕಾರರ ಕೈ ಜೇಬಿನ ಕಡೆ ಹೋಯಿತು. ಕೆಂಪು ಖಣದ ತುಂಡೊಂದು ಇಣುಕಿತು. ಅದನ್ನು ಮತ್ತೆ ಒಳಗೆ ತುರುಕಿ, "ಸಾಹೇಬ್ರನ್ನ ಕೇಳಿ ಬರ್ತೀನಿ ತಡಿ," ಎಂದು ಹೊರಟುಹೋದರು. ಕಾಶವ್ವ ಮಶೀನು ತುಳಿಯುತ್ತಲೇ ನಕ್ಕಳು.

ಈಗ ನನಗೆ ವಯಸ್ಸಾಗಿದೆ. ಪಟ್ಟೆಗಳು ತೊಳೆದ ಸೀರೆಯ ಹಾಗೆ ಮಾಸಿವೆ. ಒಂದು ಕಣ್ಣಿಗೆ ಮಂಜು. ಹೋದ ರೆಕ್ಕೆ ಮರಳಿ ಬಂದಿತು, ಆದರೆ ಸೊಟ್ಟಗೆ. ಹೆಚ್ಚಿನ ಹೊತ್ತು ಕುಡಿಕೆಯಲ್ಲೇ ಇರುತ್ತೇನೆ. ಪಾಪ, ಒಂಟಿ ಮೀನು ಎಂದು ಬಂದವರು ಲೊಚಗುಟ್ಟುತ್ತಾರೆ. ನಾನು ಒಂಟಿಯಲ್ಲ, ನನ್ನ ಮನೆಯಲ್ಲಿದ್ದೇನೆ. ಎರಡಕ್ಕೂ ಇರುವ ಅಂತರ ತಿಳಿಯದವರಿಗೆ ಗಾಜಿನ ಈಚೆಯಿಂದ ನಾನು ಹೇಗೆ ಹೇಳಲಿ?

ವಾರಕ್ಕೊಮ್ಮೆ ನೀರು ಬದಲಿಸಲು ಕಾಶವ್ವನ ಕೈ ಇಳಿಯುತ್ತದೆ. ಆ ಕೈ ಯಾರದೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಕುಡಿಕೆಯ ಬಾಯಿಗೆ ಬಂದು, ರೆಕ್ಕೆ ನೆಟ್ಟಗೆ ಮಾಡಿ, ಕಚ್ಚುತ್ತೇನೆ. ಈಗಿನ ಕಚ್ಚು ಅವಳಿಗೆ ತಾಗುತ್ತದೋ ಇಲ್ಲವೋ. "ಹಾಂ, ಇನ್ನೂ ಅದಾಳ ನಮ್ಮಾಕಿ," ಎನ್ನುತ್ತಾಳೆ, ಕೈ ಮಾತ್ರ ತೆಗೆಯುವುದಿಲ್ಲ. ನಾನು ಕಚ್ಚದಿದ್ದರೆ ಅವಳು ಹೆದರುತ್ತಾಳೆ. ಅದಕ್ಕೇ, ಮೈಯಲ್ಲಿ ಬಲವಿರಲಿ ಇಲ್ಲದಿರಲಿ, ಕಚ್ಚುವುದನ್ನು ಬಿಟ್ಟಿಲ್ಲ.