ಮಾವನ ಹೆಸರು

“ಬಾಯಲ್ಲಿ ಏನೇ ಸಗಣಿ ಇಟ್ಕೊಂಡಿದೀಯಾ, ಮುಂಡೇದೆ? ಜಾತಿ ಯಾವ್ದು ಹೇಳು!”

ಬಿಳಿಯ ಸಾಹೇಬ ಫೂರಿ ಕೇಳಿದ್ದನ್ನು ನಮ್ಮ ಮಾತಿಗೆ ತಿರುಗಿಸುವಾಗ ದುಭಾಷಿ ಸಿಗಿಲಾ ಒಂದು ಬೈಗುಳವನ್ನೂ ಬಿಡುತ್ತಿರಲಿಲ್ಲ. ತನ್ನದೂ ಒಂದು ಸೇರಿಸುತ್ತಿದ್ದ.

ಕಿಟಕಿಯ ಮುಂದೆ ನಿಂತವಳು ನೊಸಖೇಲೆ, ಹೊಸ ಸೊಸೆ. ಅವಳ ಹಿಂದೆ ನಾನು, ನನ್ನ ಹಿಂದೆ ಮಾಬೇಲೆ, ಅವಳ ಹಿಂದೆ ಗೋಡೆ ತಿರುಗುವವರೆಗೂ ಹೆಂಗಸರು. ಎಲ್ಲರಿಗೂ ಬೇಕಾಗಿದ್ದದ್ದು ಒಂದೇ ಮುದ್ರೆ. ಅದು ಬಿದ್ದರೆ ಇನ್ನೊಂದು ತಿಂಗಳು ಕೇಪ್‌ಟೌನಿನಲ್ಲಿ ಗಂಡನ ಜೊತೆ ಇರಬಹುದು. ಬೀಳದಿದ್ದರೆ ಸಂಜೆಯ ರೈಲು, ಹಳ್ಳಿ. ಮತ್ತೆ ಗಂಡನ ಮುಖ ಕಾಣುವುದು ಕ್ರಿಸ್‌ಮಸ್ಸಿಗೆ, ಅದೂ ಅವನ ಧಣಿ ಬಿಟ್ಟರೆ.

“ಎರಡು ಕಾಲಿನೋಳು, ಸ್ವಾಮಿ,” ಅಂದಳು ನೊಸಖೇಲೆ ತಲೆ ಎತ್ತದೆ.

ಸಿಗಿಲಾ ಕಿಸಕ್ಕನೆ ನಕ್ಕ. “ಕೋಳಿಗೂ ಎರಡೇ ಕಾಲು ಕಣೇ. ಸಾಹೇಬರು ಕೇಳ್ತಿರೋದು ಅದಲ್ಲ.”

ಸಾಹೇಬನಿಗೆ ಬೇಕಾಗಿದ್ದದ್ದು ‘ಬಂಟು’ ಎಂಬ ಮಾತು. ಕಿಟಕಿಯ ಮೇಲೆ ಅದೇ ಬರೆದಿತ್ತು. ಅಂಗಳದ ನಲ್ಲಿಯ ಮೇಲೆ, ಕಕ್ಕಸಿನ ಬಾಗಿಲ ಮೇಲೆ, ಹೆಣ ಹೊರುವ ಗಾಡಿಯ ಮೇಲೂ ಅದೇ. ನಮ್ಮ ಮಾತಿನಲ್ಲಿ ಅದಕ್ಕೆ ಜನ ಎಂದಷ್ಟೇ ಅರ್ಥ. ಸರ್ಕಾರ ಅದನ್ನು ನಮ್ಮ ಬಾಯಿಂದ ತೆಗೆದುಕೊಂಡು ನಮ್ಮ ಕುತ್ತಿಗೆಗೇ ಕಟ್ಟಿತ್ತು.

ಆದರೆ ನೊಸಖೇಲೆಯ ಮಾವನ ಹೆಸರು ಬಂಟುಬೊಂಕೆ. ‘ಎಲ್ಲ ಜನ’ ಎಂದು ಅವನಿಗೆ ಅವನಪ್ಪ ಇಟ್ಟ ಹೆಸರು. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಎತ್ತುವಂತಿಲ್ಲ. ಆ ಹೆಸರಿನ ತುಂಡೊಂದು ಬೇರೆ ಮಾತಿನಲ್ಲಿ ಬಂದರೂ ನಾಲಿಗೆ ಸುತ್ತುಹಾಕಿ ಹೋಗಬೇಕು. ಹಾಗಾಗಿ ಮದುವೆಯಾದಂದಿನಿಂದ ನೊಸಖೇಲೆಗೆ ಜನ ಎಂದರೆ ‘ಎರಡು ಕಾಲಿನೋರು’. ಬೆಳಿಗ್ಗೆ ಸಾಲಿನಲ್ಲಿ ನಾವೆಲ್ಲ ಇದನ್ನೇ ಹೇಳಿಕೊಂಡು ನಕ್ಕಿದ್ದೆವು.

“ನಮ್ಮಾವನ ಹೆಸರಲ್ಲಿ ನೀರು ಐತೆ ಕಣಮ್ಮಿ,” ಎಂದಿದ್ದಳು ಮಾಬೇಲೆ. “ಮದ್ವೆ ಆದಾಗಿಂದ ನಾನು ‘ಒದ್ದೆ’ ಕುಡೀತಾ ಇವ್ನಿ. ಅವ್ರು ಸತ್ತು ಮಣ್ಣಾದ್ರೂ ಒದ್ದೇನೇ!”

ಈಗ ಯಾರೂ ನಗುತ್ತಿರಲಿಲ್ಲ. ತೆರೆದ ಬಾಗಿಲ ಆಚೆ ಜಗಲಿಯ ಬೆಂಚಿನ ಮೇಲೆ ಆ ಮಾವನೇ ಕೂತಿದ್ದ. ಹೆಂಗಸು ಎಷ್ಟು ಹೆತ್ತರೂ ಸರ್ಕಾರದ ಲೆಕ್ಕದಲ್ಲಿ ಮಗುವೇ. ಮೊದಲ ಸಲದ ಮುದ್ರೆಗೆ ಮನೆಯ ಯಜಮಾನ ಬಂದು ಹೆಬ್ಬೆಟ್ಟು ಒತ್ತಬೇಕು. ಅದಕ್ಕೆಂದೇ ಮುದುಕ ಬೂದುಗಂಬಳಿ ಹೊದ್ದು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕಾಯುತ್ತಿದ್ದ.

“ಯಜಮಾನನ ಹೆಸರು?”

ನೊಸಖೇಲೆ ಬಾಗಿಲ ಕಡೆ ಕೈ ತೋರಿಸಿದಳು.

“ಮಾವನ ಹೆಸರೇ ಗೊತ್ತಿಲ್ಲ. ಇವಳು ಯಾರ ಸೊಸೆಯೂ ಅಲ್ಲ,” ಎಂದ ಫೂರಿ. “ಬಂದರಿನ ಸೂಳೆ. ರೈಲು ಹತ್ತಿಸಿ.”

ಸಿಗಿಲಾ ಅವನ ಕಿವಿಯ ಬಳಿ ಬಾಗಿದ. ಹೇಳಿದ್ದು ಬಿಳಿಯರ ಮಾತಿನಲ್ಲೇ ಆದರೂ ಅಷ್ಟು ನಮಗೂ ತಿಳಿಯುತ್ತಿತ್ತು. ಗೊತ್ತಿಲ್ಲ ಅಂತಲ್ಲ ಬಾಸ್, ಹೇಳುವ ಹಾಗಿಲ್ಲ, ಇದು ಇವರ ಪದ್ಧತಿ.

“‘ಇವರ’ ಅಂತೆ,” ಮಾಬೇಲೆ ನನ್ನ ಬೆನ್ನಿಗೆ ಗೊಣಗಿದಳು. “ಇವ್ನ ಹೆಂಡ್ರು ಬೆಂಕಿಗೆ ‘ಕೆಂಪು’ ಅಂತಾಳೆ. ನಾಯಿಗ್ ಹುಟ್ಟಿದ್ದು.”

ಫೂರಿಯ ಮುಖ ಅರಳಿತು. ಪಕ್ಕದ ಕೋಣೆಯಿಂದ ಇಬ್ಬರನ್ನು ಕೂಗಿ ಕರೆದ. “ಬನ್ನಿ, ನೋಡಿ! ಬಂಟು ಅಂತ ಹೇಳಲಾಗದ ಬಂಟು!” ಆಮೇಲೆ ಮುದ್ರೆಯನ್ನು ಶಾಯಿಗೆ ಒತ್ತಿ ಮೇಲೆತ್ತಿ ಹಿಡಿದ. “ಹೇಳಲಿ. ಆ ಮುದುಕನಿಗೆ ಕೇಳುವಷ್ಟು ಗಟ್ಟಿಯಾಗಿ.”

ಊಟದ ಗಂಟೆಗೆ ಕಿಟಕಿ ಮುಚ್ಚುತ್ತಾರೆ. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಹೇಳಿ ಸಾಯಬಾರದೇ ಇವಳು, ಎಂದುಕೊಂಡೆ.

ಮುದುಕ ಎದ್ದು ಹೊಸ್ತಿಲವರೆಗೆ ಬಂದ. “ಹೇಳ್ಬುಡು ಮಗ,” ಅಂದ. “ನಾನೇ ಹೇಳ್ತಾ ಇವ್ನಿ, ಹೇಳ್ಬುಡು.” ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

ನೊಸಖೇಲೆ ತಲೆವಸ್ತ್ರವನ್ನು ಕಣ್ಣು ಮುಚ್ಚುವಷ್ಟು ಕೆಳಗೆಳೆದುಕೊಂಡಳು. ಹೇಳಿದಳು.

“ಇನ್ನೂ ಗಟ್ಟಿ.”

ಹೇಳಿದಳು.

“ಈಗ ಅವನ ಹೆಸರು. ಪೂರ್ತಿ.”

ಅದನ್ನೂ ಹೇಳಿದಳು. ಒಳಗಿದ್ದವರು ಚಪ್ಪಾಳೆ ತಟ್ಟಿದರು. ಮುದ್ರೆ ಬಿತ್ತು. ಮುದುಕ ಬಂದು ಹೆಬ್ಬೆಟ್ಟು ಒತ್ತಿದ. ಸೊಸೆಯನ್ನು ನೋಡಲಿಲ್ಲ, ಅವಳೂ ನೋಡಲಿಲ್ಲ. ಅವಳು ಓಡಿಹೋಗಿ ಅಂಗಳದ ನಲ್ಲಿ ತಿರುಗಿಸಿ ಬಾಯಿ ಮುಕ್ಕಳಿಸತೊಡಗಿದಳು. ಉಗುಳುವಳು, ಮತ್ತೆ ಬಾಯಿ ತುಂಬಿಕೊಳ್ಳುವಳು. ಮುದುಕ ಮತ್ತೆ ಬೆಂಚಿನ ಹತ್ತಿರ ಹೋಗಿ, ಶಾಯಿ ಹತ್ತಿದ ಹೆಬ್ಬೆರಳನ್ನು ಕಂಬಳಿಗೆ ತಾಗದಂತೆ ದೂರ ಹಿಡಿದು ನಿಂತ, ಕೈ ಯಾರದೋ ಎಂಬಂತೆ. ಸಾಲಿನಲ್ಲಿ ನಾವೆಲ್ಲ ನೆಲ ನೋಡುತ್ತಿದ್ದೆವು.

“ಮುಂದಿನವಳು! ಜಾತಿ?”

ನನ್ನ ನಾಲಿಗೆಗೆ ಆ ಮಾತಿನ ತಡೆ ಇರಲಿಲ್ಲ. ಎಷ್ಟೋ ಕಿಟಕಿಗಳಲ್ಲಿ ಅದನ್ನು ಹೇಳಿ ಬದುಕಿದವಳು ನಾನು. ಬಾಯಿ ತೆರೆದೆ. ಹೊರಗೆ ಉಗುಳುವ ಸದ್ದು.

“ಆಗಲ್ಲ ಸ್ವಾಮಿ,” ಅಂದೆ. “ಅದು ನಮ್ಮಾವನ ಹೆಸರು.”

“ಏಯ್ ಮಾದ್ಲೋಮೊ!” ಸಿಗಿಲಾ ಹಲ್ಲು ಕಡಿದ. “ಯಾರಿಗೇ ಕತೆ ಹೇಳ್ತೀಯ? ನಿನ್ ಮಾವ ಸೋಲಾನಿ. ಅವ್ನ್ ಸತ್ತು ಎಷ್ಟು ಕಾಲ ಆಯ್ತು! ನಾನೇ ಮಣ್ಣಿಗ್ ಬಂದಿದ್ದೆ.”

“ಅಲ್ಲಿ ನಿಂತವ್ರಲ್ಲ, ಅವ್ರು ನಮ್ಮಾವ.”

ಮಾವನೆದುರಿನ ಸೊಸೆಯ ಹಾಗೆ ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡೆ. ನನ್ನ ಗಂಡ ಆ ಹೊತ್ತಿಗೆ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಸಂಜೆ ಬಂದು ಬಾಗಿಲು ತಟ್ಟುತ್ತಾನೆ.

“ನಂಗೂ ಅವ್ರೇ ಮಾವ!” ಎಂದಳು ಹಿಂದಿನಿಂದ ಮಾಬೇಲೆ. “ಒಬ್ಬರಿಗೆ ಮೂವರು ಸೊಸೇರು ಇರ್ಬಾರ್ದೇನೋ, ಬೋಳಿಮಗನೆ?”

ಯಾರೋ ನಕ್ಕರು. ಆಮೇಲೆ ಬಟ್ಟೆಯ ಸರಬರ. ತಿರುಗಿ ನೋಡಿದೆ. ಗೋಡೆ ತಿರುಗುವವರೆಗೂ ಒಬ್ಬೊಬ್ಬಳೇ ತಲೆವಸ್ತ್ರ ಕೆಳಗೆಳೆದುಕೊಳ್ಳುತ್ತಿದ್ದಳು.

“ಏನಂತೆ?” ಫೂರಿ ಕೇಳಿದ.

ಸಿಗಿಲಾ ತಿರುಗಿಸಿ ಹೇಳಲಿಲ್ಲ. ಅವನೂ ನೆಲ ನೋಡುತ್ತಿದ್ದ.

“ಕೊನೇ ಸಲ ಕೇಳ್ತಿದೀನಿ. ಏನು ನೀನು?” ಫೂರಿ ನನ್ನನ್ನೇ ಕೇಳಿದ.

“ಎರಡು ಕಾಲಿನೋಳು,” ಅಂದೆ.

ಫೂರಿ ಮುದ್ರೆಯನ್ನು ಮೇಜಿನೊಳಗೆ ಹಾಕಿ ಬೀಗ ತಿರುಗಿಸಿದ. ಕಿಟಕಿಯ ಹಲಗೆ ನನ್ನ ಮೂಗಿನ ಮುಂದೆ ದಡ್ಡನೆ ಬಿತ್ತು. ಒಳಗೆ ಪೋಲೀಸರಿಗೆ ಫೋನು ತಿರುಗಿಸುವ ಸದ್ದು. ನಾವು ಕದಲಲಿಲ್ಲ.

ನಲ್ಲಿಯ ಹತ್ತಿರ ಮುಕ್ಕಳಿಸುವುದು ನಿಂತಿತ್ತು.