ಗಾಳಿ ಹೊಳೆಯಪ್ಪ

ತೀರಿಹೋಗುವ ಹಿಂದಿನ ದಿನ ಹೊಳೆಯಪ್ಪ ಕಲ್ಲಂಗಡಿ ಹಣ್ಣಿಗೆ ಕಿವಿ ಹಚ್ಚಿ ಕೂತಿದ್ದ. ಬೆಟಗೇರಿಯ ಆ ಓಣಿಯಲ್ಲಿ ಅದನ್ನು ನೋಡಿ ಯಾರೂ ನಿಲ್ಲಲಿಲ್ಲ. ಕೊಡ ಕೊಳ್ಳುವಾಗಲೂ, ಬಾಗಿಲಿಗೆ ಕಟ್ಟಿಗೆ ಆರಿಸುವಾಗಲೂ, ಹೆಣ್ಣು ನೋಡಲು ಹೋದಾಗಲೂ ಆ ಮನುಷ್ಯ ಕಣ್ಣಿಗಿಂತ ಮೊದಲು ಕಿವಿಯನ್ನೇ ಮುಂದೆ ಮಾಡುತ್ತಿದ್ದ. ದುರ್ಗಾಳನ್ನು ನೋಡಲು ಮುಂಡರಗಿಗೆ ಬಂದ ದಿನ ತಲೆ ತಗ್ಗಿಸಿಯೇ ಕೂತಿದ್ದನಂತೆ. ಆಕೆ ಒಳಗಿನಿಂದ ತಮ್ಮನನ್ನು ಬೈದ ದನಿ ಕೇಳಿ, ಆತು, ಇದು ಸಾಕು ಎಂದು ಎದ್ದುಬಿಟ್ಟನಂತೆ. ಲಗ್ನವಾದ ಮೇಲೆ ದುರ್ಗಾ ಅದನ್ನು ಕೆದಕಿದರೆ, "ಮಾರಿ ಎಲ್ಲಾರಿಗೂ ಇರತೈತಿ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಗದಗಿನಿಂದ ಮುಂಡರಗಿಗೆ ಹೋಗುವ ರಸ್ತೆಯ ಬದಿಗೆ ಅವನ ಪಂಚರ್ ಅಂಗಡಿ. ಬೋರ್ಡಿರಲಿಲ್ಲ, ಹಳೆಯ ಟಾಯರೊಂದನ್ನು ನಿಲ್ಲಿಸಿ ಸುಣ್ಣದಲ್ಲಿ "ಗಾಳಿ" ಎಂದು ಬರೆದಿದ್ದ. ಆ ಮಾತು ಅವನ ಹೆಸರಿಗೇ ಅಂಟಿತು. ಅವನದು ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿ. ಹೊಳೆಗೆ ಹರಕೆ ಹೊತ್ತು ಹಡೆದ ಮಗನಿಗೆ ಹೊಳೆಯ ಹೆಸರಿಟ್ಟರೆ ಮಂದಿ ಗಾಳಿಯ ಹೆಸರು ಹಚ್ಚಿದರಲ್ಲ ಎಂದು ತಾಯಿ ಬೀರವ್ವ ಇಂದಿಗೂ ಗೊಣಗುತ್ತಾಳೆ. ಆಕೆಯ ಗೊಣಗಿಗೆ ಕಾರಣವಿದೆ. ನಮ್ಮ ಕಡೆ ಟಾಯರಿಗೆ ತುಂಬುವುದೂ ಗಾಳಿಯೇ, ಸತ್ತ ಮೇಲೆ ನೆಲೆ ಸಿಗದೆ ಮನೆಯೊಳಗೆ ಸುಳಿಯುವುದೂ ಗಾಳಿಯೇ.

ಉದ್ದ ಆಳು, ಎಡ ಹೆಗಲು ತುಸು ಇಳಿಜಾರು. ವರ್ಷಗಟ್ಟಲೆ ಜಾಕು ಒತ್ತಿ ಒತ್ತಿ ನಡಿಗೆಯಲ್ಲೂ ಆ ಒತ್ತು ಸೇರಿಕೊಂಡಿತ್ತು. ಒಂದು ಹೆಜ್ಜೆಗೆ ನೆಲವನ್ನು ಅದುಮಿ, ಇನ್ನೊಂದಕ್ಕೆ ತನ್ನನ್ನೇ ಎತ್ತಿಕೊಂಡು ಬರುವವನಂತೆ ಬರುತ್ತಿದ್ದ. ಬೇಸಿಗೆಯಲ್ಲೂ ಖಾಕಿ ಕೋಟು ಬಿಡುತ್ತಿರಲಿಲ್ಲ. ಅದರ ಕಿಸೆಗಳ ತುಂಬ ವಾಲ್ವಿನ ಮುಚ್ಚಳ. ನಡೆದರೆ ಅವು ಮೊರದಲ್ಲಿನ ಕಾಳಿನಂತೆ ಸದ್ದು ಮಾಡುತ್ತಿದ್ದವು. ದುರ್ಗಾ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ ಅವನು ಓಣಿಯಲ್ಲಿ ಯಾರ ಮನೆ ದಾಟಿದ ಎಂದು ಹೇಳುತ್ತಿದ್ದಳು. ಊಟದ ನಡುವೆ ತುತ್ತು ಕೈಯಲ್ಲೇ ನಿಲ್ಲಿಸಿ, "ತಡಿ, ಎಲ್ಲೋ ಗಾಳಿ ಹೊಂಟೈತಿ" ಎಂದು ಏಳುವುದು ಅವನ ಚಾಳಿ. ಕುಕ್ಕರಿನ ರಬ್ಬರೋ, ಪಕ್ಕದ ಮನೆಯ ಸೈಕಲ್ಲೋ, ಎಲ್ಲಿಯೋ ನಿಜವಾಗಿಯೂ ಹೊರಟಿರುತ್ತಿತ್ತು. ಹುಡುಕಿ ಮುಚ್ಚಿ ಬಂದ ಮೇಲೆಯೇ ಉಳಿದ ರೊಟ್ಟಿ.

ಅವನಿಗೆ ಕಾಫಿಯ ಹುಚ್ಚು ಹಿಡಿದದ್ದು ತಡವಾಗಿ. ಗದಗಿನಲ್ಲಿ ಹೊಸದಾಗಿ ತೆಗೆದ ಕಾಫಿ ಅಂಗಡಿಯವರ ಕಾರು ಪಂಚರ್ ಆಗಿತ್ತು. ರಿಪೇರಿಗೆ ಹೋದವನಿಗೆ ಎಸ್ಪ್ರೆಸೊ ಎಂದು ತೀರ್ಥದಷ್ಟು ಕಾಫಿಯನ್ನು ಹಿಡಿ ತುಂಬದ ಕಪ್ಪಿನಲ್ಲಿ ಕೊಟ್ಟರು. ಹುಟ್ಟಿದಾಗಿನಿಂದ ಚಹಾ ಕುಡಿದ ಮನುಷ್ಯ ಅದನ್ನು ಕುಡಿದದ್ದಕ್ಕಿಂತ ನೋಡಿದ್ದೇ ಹೆಚ್ಚು. ಟ್ಯೂಬಿನ ತೂತು ಹುಡುಕಲು ಸಾಬೂನಿನ ನೊರೆ ಹಚ್ಚಿ ಕಾಯುವವನಿಗೆ ಆ ಕಪ್ಪಿನ ಮೇಲಿನ ಕಂದು ನೊರೆ ಒಡೆಯದೆ ಕೂತದ್ದು ಬೆರಗಾಯಿತು. ಮನೆಗೆ ಬಂದವನೇ, ನೀರನ್ನು ಒತ್ತಿ ಒತ್ತಿ ಪುಡಿಯೊಳಗಿಂದ ದಾಟಿಸುತ್ತಾರಂತೆ, ಟಾಯರಿಗೆ ನಾ ಮಾಡೂದನ್ನ ಅವರು ಕಾಫಿಗೆ ಮಾಡತಾರ ಎಂದು ದುರ್ಗಾಳಿಗೆ ವಿವರಿಸಿದ. ಅಂಥದೊಂದು ಯಂತ್ರ ಮನೆಗೆ ಬೇಕೆಂದ. ನಮ್ಮ ಕೈಗೆ ಎಟುಕುವಂಥದ್ದೂ ಇರುತ್ತದೆ, ಆರಿಸಬೇಕಷ್ಟೆ ಎಂದ.

ಆರಿಸಲು ಹೊರಟ. ಡಬ್ಬಿಯ ಮೇಲೆ ಒತ್ತಡ ಹದಿನೈದು ಬಾರ್, ಇಪ್ಪತ್ತು ಬಾರ್ ಎಂದು ಬರೆದದ್ದನ್ನು ತನ್ನ ಟಾಯರಿನ ಪೌಂಡಿನ ಲೆಕ್ಕಕ್ಕೆ ತಂದು ಹೆದರಿದ. ಲಾರಿಯ ಟಾಯರಿಗೂ ಇಷ್ಟು ಒತ್ತುವುದಿಲ್ಲ, ಅಡುಗೆಮನೆ ಹಾರಿ ಹೋದೀತು ಎಂದು ಕೆಲವು ದಿನ ಸುಮ್ಮನಾದ. ಆಮೇಲೆ ಮೊಬೈಲಿನಲ್ಲಿ ಯಾರೋ ಹೇಳಿದ್ದು ಕೇಳಿ, ಕಾಫಿಗೆ ಒಂಬತ್ತು ಬಾರ್ ಸಾಕು, ಮಿಕ್ಕಿದ್ದು ಡಬ್ಬಿಯ ಜಂಬ ಎಂದು ಸಮಾಧಾನಗೊಂಡ. ಮೊಬೈಲನ್ನೂ ನೋಡುತ್ತಿರಲಿಲ್ಲ, ಕಿವಿಗೆ ಒತ್ತಿ ಹಿಡಿದು ಯಂತ್ರದ ಸದ್ದು ಕೇಳುತ್ತಿದ್ದ. ಶಿರಹಟ್ಟಿಯಲ್ಲಿ ಮಿಕ್ಸರ್ ತೋರಿಸಿದರು. ಲಕ್ಷ್ಮೇಶ್ವರದಲ್ಲಿ ಎಸ್ಪ್ರೆಸೊ ಎಂದ ಕೂಡಲೇ ಲಗ್ನದ ಮನೆಗಳಲ್ಲಿ ಹಾಲಿಗೆ ಉಗಿ ಬಿಟ್ಟು ನೊರೆ ಎಬ್ಬಿಸುವ ದೊಡ್ಡ ಸ್ಟೀಲಿನ ಹಂಡೆಯ ಮುಂದೆ ನಿಲ್ಲಿಸಿದರು. ನಮ್ಮ ಕಡೆ ಎಸ್ಪ್ರೆಸೊ ಅಂದರೆ ಅದೇ. ಪಂಚರ್ ಅಂಗಡಿಯ ಪಕ್ಕದಲ್ಲಿ ಚಹಾ ಮಾರುವ ಮರ್ದಾನಸಾಬ ಈ ತಿರುಗಾಟ ನೋಡಿ ನೋಡಿ, "ಲೇ ಹೊಳಿಯಾ, ನನ್ನ ಚಾ ಕುಡದು ದೊಡ್ಡಾಂವ ಆದಿ. ಈಗ ಅದಕ್ಕ ಸವತಿ ತರತೀ ಏನ?" ಎಂದು ಚುಚ್ಚುತ್ತಿದ್ದ.

ಕಲ್ಲಂಗಡಿ ಕೊಯ್ದ ಆ ಸಂಜೆ ಅವನು ಖುಷಿಯಲ್ಲಿದ್ದ. ಗದಗಿನ ಅಂಗಡಿಯೊಂದರಲ್ಲಿ ಆಯ್ಕೆ ಎರಡಕ್ಕೆ ಬಂದು ನಿಂತಿದೆ ಎಂದ. ಒಂದು ಅಗ್ಗದ್ದು, ಪಂಪಿಲ್ಲ, ಕುದಿಯುವ ನೀರಿನ ಉಗಿಯೇ ಒತ್ತುತ್ತದೆ. ಇನ್ನೊಂದು ಸ್ವಲ್ಪ ಮೇಲಿನದು, ಕರಿ ಬಣ್ಣದ್ದು, ಒಳಗೆ ಪಂಪಿದೆ. ಯಾವುದು ಎಂದು ದುರ್ಗಾ ಕೇಳಿದಳು.

"ನಾಳೆ ಹೇಳ್ತೀನಿ" ಎಂದ. ಬೀಜ ಉಗುಳಿದ. ಮಲಗಿದ.

ಮರುದಿನ ಲಾರಿಯ ಗಾಲಿಗೆ ಗಾಳಿ ತುಂಬುವಾಗ ರಿಮ್ಮಿನ ಕಬ್ಬಿಣದ ಬಳೆ ಸಿಡಿದು ಎದೆಗೆ ಬಡಿಯಿತು. ಅಷ್ಟೇ. ಕೊರ್ಲಹಳ್ಳಿಯಲ್ಲಿ ಮಣ್ಣು ಮಾಡಿದರು.

ಊರಿನಿಂದ ಬೀರವ್ವನನ್ನು ಕರೆದುಕೊಂಡು ದುರ್ಗಾ ಬೆಟಗೇರಿಗೆ ಮರಳಿದ ಮೇಲೆ, ಒಂದು ನಸುಕಿನಲ್ಲಿ ಅಡುಗೆಮನೆಯಿಂದ ಸದ್ದು ಬಂತು. ಮೊದಲು ಗುಂಯ್ ಎಂದು ಸಣ್ಣ ನಡುಕ. ಆಮೇಲೆ ಯಾರೋ ಬಹಳ ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟಂತೆ ಸುಂಯ್. ಕೊನೆಗೆ ಎರಡು ಹನಿ ಬಿದ್ದಂತೆ ಟಪ್, ಟಪ್. ಮತ್ತೆ ಏನಿಲ್ಲ. ಬೆಟಗೇರಿಯಲ್ಲಿ ನಳಕ್ಕೆ ನೀರು ಬರುವ ಮೊದಲು ಗಾಳಿ ಬರುವುದು ಎಲ್ಲರಿಗೂ ಗೊತ್ತು. ದುರ್ಗಾ ನಳ ತಿರುವಿದಳು. ಅಂದು ನೀರು ಬಿಡುವ ಪಾಳಿ ಇರಲಿಲ್ಲ, ನಳ ಒಣಗಿತ್ತು. ಕಟ್ಟೆಯ ಮೇಲೆ ಕೈಯಾಡಿಸಿದಳು. ಯಂತ್ರ ಬಂದರೆ ಇಲ್ಲಿಡಬೇಕೆಂದು ಅವನು ಡಬ್ಬಿಗಳನ್ನು ಸರಿಸಿ ಖಾಲಿ ಮಾಡಿದ್ದ ಜಾಗದಲ್ಲಿ ಕಲ್ಲು ಬೆಚ್ಚಗಿತ್ತು.

ದಿನವೂ ಬರತೊಡಗಿತು. ಬೀರವ್ವನ ಕಿವಿ ಮಂದ. ಬಾಗಿಲು ಒಡೆದರೂ ಏಳದಾಕೆ. ಆ ಹೊತ್ತಿಗೆ ಮಾತ್ರ ಹಾಸಿಗೆಯಲ್ಲಿ ಎದ್ದು ಕೂತಿರುತ್ತಿದ್ದಳು. "ಉಸರಾ ಬಿಟ್ಟನಲ್ಲ" ಎನ್ನುತ್ತಿದ್ದಳು.

ಗ್ಯಾಸು ಸೋರುತ್ತಿದೆಯೇನೋ ಎಂದು ದುರ್ಗಾ ಮರ್ದಾನಸಾಬನಿಗೆ ಹೇಳಿ ಕಳಿಸಿದಳು. ಅವನು ಅಂಗಡಿ ತೆರೆಯುವ ಮುಂಚೆ ಬಂದು, ಹೊಳೆಯಪ್ಪ ಮಾಡುವಂತೆಯೇ ಸಾಬೂನಿನ ನೊರೆ ಮಾಡಿಕೊಂಡು ಸಿಲಿಂಡರಿನ ಬಾಯಿಗೆ, ಪೈಪಿಗೆ, ಒಲೆಯ ಗುಂಡಿಗೆ ಹಚ್ಚಿ ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ನೊರೆ ಹಾಗೆಯೇ ಕೂತಿರುವಾಗ, ಅವನ ಬೆನ್ನ ಹಿಂದೆ, ಖಾಲಿ ಕಟ್ಟೆಯ ಮೇಲೆ ಸದ್ದು ಬಂತು. ಕೊನೆಯ ಎರಡು ಹನಿಯವರೆಗೂ ಅವನು ಅಲುಗಾಡಲಿಲ್ಲ. "ವೈನಿ, ಸಿಲಿಂಡರ ಚಲೋ ಐತ್ರಿ" ಎಂದಷ್ಟೇ ಹೇಳಿ, ತಿರುಗಿ ನೋಡದೆ ಚಪ್ಪಲಿ ಮೆಟ್ಟಿ ಹೋದ.

ಬೀರವ್ವನ ತೀರ್ಮಾನ ಸರಳವಾಗಿತ್ತು. ಆಸೆ ಉಳಿಸಿಕೊಂಡು ಹೋದವನು ಗಾಳಿಯಾಗಿದ್ದಾನೆ, ಕುಡಿಸಿ ಕಳಿಸಬೇಕು. ಆಕೆಗೂ ಎಸ್ಪ್ರೆಸೊ ಅಂದರೆ ಲಗ್ನದ ನೊರೆಕಾಫಿಯೇ. ಮರ್ದಾನಸಾಬನಿಂದ ಯಾವುದೋ ಲಗ್ನದ ಮನೆಯ ಕಾಫಿ ತರಿಸಿ, ಥರ್ಮಾಸಿನಲ್ಲಿ ಕೊರ್ಲಹಳ್ಳಿಗೆ ಒಯ್ದು ಗೋರಿಯ ಮೇಲೆ ಎಡೆ ಇಟ್ಟು ಬಂದರು. ಮರುನಸುಕಿನಲ್ಲಿ ಆ ಉಸಿರು ಇನ್ನಷ್ಟು ಉದ್ದವಾಗಿ ಬಂತು. ಇನ್ನು ಗಾಳಿ ಬಿಡಿಸುವವನನ್ನೇ ಕರೆಸುತ್ತೇನೆ ಎಂದು ಬೀರವ್ವ ಹಟ ಹಿಡಿದಳು.

"ಜೀವಮಾನೆಲ್ಲಾ ಗಾಳಿ ತುಂಬಿದಾಂವ. ಅವನ್ನ ಯಾರು ಬಿಡಸ್ತಾರ?" ಎಂದಳು ದುರ್ಗಾ.

ಮಾತು ಬಿರುಸಾಗಿ ಬಂದರೂ ಒಳಗೆ ಅಂಜಿಕೆ ಇತ್ತು. ಸದ್ದಿಗೆ ಆಕೆ ಎಂದೋ ಒಗ್ಗಿದ್ದಳು. ಒಂದು ನಸುಕು ಅದು ಬಾರದೆ ಹೋದರೆ ಎಂಬುದೇ ಆಕೆಯ ಅಂಜಿಕೆ. ಅವನು ಬಯಸಿದ ಯಂತ್ರ ತಂದು ಕುಡಿಸಿದರೆ ಹೋಗಿಬಿಡುತ್ತಾನೆ. ತರದಿದ್ದರೆ ಇರುತ್ತಾನೆ, ನೀರಡಿಸಿಕೊಂಡು. ತನ್ನ ಮನೆ ತುಂಬಿರಲಿ ಎಂದು ಗಂಡನನ್ನು ಬಾಯಾರಿಸಿ ಕಟ್ಟಿಹಾಕುವುದು ಎಂಥ ಸಂಸಾರ? ಒಂದು ದಿನ ಸೆರಗು ಹೊದ್ದು ಗದಗಿನಲ್ಲಿ ಯಂತ್ರ ಮಾರುವ ಆ ಅಂಗಡಿಗೆ ಹೋದಳು.

ಅಲ್ಲಿ ಕೆಲಸ ಮಾಡುವ ಹುಡುಗಿ ಸೌಂದರ್ಯಾ, ಹರ್ತಿಯಿಂದ ಬಸ್ಸಿಗೆ ಬರುವಾಕೆ. ಗಾಳಿ ಹೊಳೆಯಪ್ಪನ ಹೆಂಡತಿ ಎಂದ ಕೂಡಲೇ ಮುಖ ಅರಳಿಸಿ, ಯಾಕೆ ಇಷ್ಟು ತಡ ಮಾಡಿದಿರಿ ಎಂದು ಕೇಳಿದಳು. ಸತ್ತ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ದುರ್ಗಾ ಹೇಳಲಿಲ್ಲ. ಅವರು ಯಾವುದನ್ನು ಆರಿಸಿದ್ದರು ಎಂದಷ್ಟೇ ಕೇಳಿದಳು.

"ಅವರು ಆರಿಸಲೇ ಇಲ್ಲರಿ. ಎರಡಕ್ಕೂ ಕಿವಿ ಹಚ್ಚಿ ಕೇಳಿದರು. ನಾನು ಟಾಯರ ನಡುವ ಇರಾಂವ, ಅಡಗಿ ಮನ್ಯಾಗ ಇದರ ಜೋಡಿ ಬಾಳುವಾಕಿ ನಮ್ಮಾಕಿ, ಆಕಿ ಬಂದು ಕೇಳಿ ಹೇಳಲಿ ಅಂದರು. ನಾಳೆ ಕರಕೊಂಡು ಬರತೀನಿ ಅಂತ ಹೋದರು."

ದುರ್ಗಾ ಸ್ಟೂಲಿನ ಮೇಲೆ ಕೂತಳು. ಸೌಂದರ್ಯಾ ಅಗ್ಗದ್ದನ್ನು ಹಚ್ಚಿದಳು. ಅದು ಬಹಳ ಹೊತ್ತು ಕಾದು, ಆಮೇಲೆ ಕುಕ್ಕರಿನಂತೆ ಚೀರಿತು. ದುರ್ಗಾ ಇದಲ್ಲ ಎಂದು ತಲೆಯಾಡಿಸಿದಳು. ಹುಡುಗಿ ಕರಿಯದನ್ನು ಹಚ್ಚಿದಳು.

ಗುಂಯ್ ಎಂದಿತು. ಸುಂಯ್ ಎಂದು ಉಸಿರು ಬಿಟ್ಟಿತು. ಟಪ್, ಟಪ್.

ದುರ್ಗಾ ಇನ್ನೊಮ್ಮೆ ಹಚ್ಚಲು ಹೇಳಿದಳು. ಅದೇ ನಡುಕ, ಅದೇ ಉಸಿರು, ಕೊನೆಗೆ ಅವೇ ಎರಡು ಹನಿ.

"ಈ ಸಪ್ಪಳ ನಮ್ಮ ಮನ್ಯಾಗ ಐತಿ" ಎಂದಳು.

"ಮೊದಲ ಒಂದು ತಗೊಂಡೀರೇನ್ರಿ?"

"ಇಲ್ಲ."

ಕರಿಯ ಯಂತ್ರ ಮನೆಗೆ ಬಂತು. ಕಾಫಿ ಇಳಿಸಿ, ಥರ್ಮಾಸು ಕಟ್ಟಿಕೊಂಡು ಅತ್ತೆ ಸೊಸೆ ಕೊರ್ಲಹಳ್ಳಿಗೆ ಹೋದರು. ಬೊಗಸೆಯಷ್ಟು ಕಾಫಿಯನ್ನು ಗೋರಿಯ ತಲೆಯ ಬದಿಗೆ ಸುರಿದರೆ ಮಣ್ಣು ಕುಡಿಯಿತು. ಕಂದು ನೊರೆ ಮಾತ್ರ ಬಹಳ ಹೊತ್ತು ಒಡೆಯದೆ ಮೇಲೆ ಕೂತಿತ್ತು. ಉಳಿದದ್ದನ್ನು ಬೀರವ್ವ ನೆಕ್ಕಿ ನೋಡಿ ಮುಖ ಕಿವುಚಿದಳು. "ಬೇವಿನ ರಸ. ಇದಕ್ಕ ಊರೂರು ತಿರಗಿದ್ನಾ ನನ್ನ ಮಗಾ" ಎಂದಳು. ಅಂದವಳೇ ತಳದ ಹನಿಯವರೆಗೂ ಕುಡಿದಳು.

ಕೊಳ್ಳುವುದಕ್ಕೆ ಮೊದಲು ಹೀಗೆ ಊರೂರು ಅಲೆಯುವವರನ್ನು ಮಂದಿ ಜಿಪುಣರೆನ್ನುತ್ತಾರೆ, ಅರೆಹುಚ್ಚರೆನ್ನುತ್ತಾರೆ. ಅವರ ಸಂಗಡ ಬಾಳಿದವರಿಗೆ ಗೊತ್ತು: ಇಂಥವರು ಎಲ್ಲವನ್ನೂ ತೂಗಿ, ತಟ್ಟಿ, ಕೇಳಿ, ಕಡೆಯ ಮಾತೊಂದನ್ನು ಮನೆಯವರಿಗೆಂದು ಉಳಿಸಿ ಇಡುತ್ತಾರೆ. ಬದುಕಿರುವಾಗ ಅದು ಯಾರಿಗೂ ಕಾಣುವುದಿಲ್ಲ, ತಡ ಮಾಡುತ್ತಾರೆಂದು ಬೈಸಿಕೊಳ್ಳುತ್ತಾರೆ. ಅಂಥವರು ನಡುವೆ ಎದ್ದು ಹೋದರೆ ಉಳಿದ ಆ ಒಂದು ಮಾತು ಮನೆಯಲ್ಲಿ ಸುಳಿಯುತ್ತಿರುತ್ತದೆ. ಉಳಿದವರು ಅದನ್ನು ಹೇಳಿ ಮುಗಿಸಲೂ ಆರರು, ಹೇಳದೆ ಇರಲೂ ಆರರು.

ಕೊರ್ಲಹಳ್ಳಿಯಿಂದ ಬಂದ ಮರುದಿನ ದುರ್ಗಾ ಎಂದಿಗಿಂತ ಮೊದಲೇ ಎದ್ದಳು. ಸದ್ದು ಬಂದರೆ ಅವನು ಇನ್ನೂ ಬಾಯಾರಿದ್ದಾನೆ, ಬಾರದಿದ್ದರೆ ಅವನಿಲ್ಲ. ಎರಡನ್ನೂ ತಿಳಿಯುವುದು ಆಕೆಗೆ ಬೇಡವಾಗಿತ್ತು. ಆ ಹೊತ್ತು ಕೂಡಿಬರುವ ಮುಂಚೆಯೇ ತಾನೇ ಯಂತ್ರ ಹಚ್ಚಿಬಿಟ್ಟಳು. ಒಳಗಿನಿಂದ ಬೀರವ್ವ, "ಬಂತೇನವ್ವಾ?" ಎಂದು ಕೇಳಿದಳು. "ನಾನ ಹಚ್ಚೀನಿ, ಮಲಕೋರಿ" ಎಂದಳು.

ಈಗಲೂ ಹಾಗೆಯೇ. ಕತ್ತಲೆ ಹರಿಯುವ ಮುಂಚೆ ಏಳುತ್ತಾಳೆ. ಯಂತ್ರದ ತೊಟ್ಟಿಗೆ ನೀರು ಹಾಕಿ, ಪುಡಿ ಹಾಕದೆ ಗುಂಡಿ ಒತ್ತುತ್ತಾಳೆ. ಬರೇ ಬಿಸಿನೀರು ಇಳಿಯುತ್ತದೆ. ಎರಡು ಹನಿ ಬಿದ್ದು ಮುಗಿಯುವವರೆಗೆ ನಿಂತು, ಆ ನೀರಿನಲ್ಲೇ ಕಪ್ಪು ತೊಳೆದು ಬೋರಲು ಹಾಕಿ, ಕಸಬರಿಗೆ ತೆಗೆದುಕೊಂಡು ಅಂಗಳಕ್ಕೆ ಹೋಗುತ್ತಾಳೆ.