ತಲೆಯ ಪಾಲು

ಅಡುಗೆಮನೆಯ ಕಪ್ಪು ಕಲ್ಲಿನ ಮೇಲೆ ಒಂದು ಕಾಟ್ಲಾ ಮೀನು ಮಲಗಿತ್ತು. ಮೊಳದುದ್ದದ ಮೈ, ಅದರಲ್ಲಿ ಮೂರರಲ್ಲೊಂದು ಪಾಲು ತಲೆಯೇ. ಕಿಟಕಿಯ ಬೆಳಕು ಹುರುಪೆಯಿಂದ ಹುರುಪೆಗೆ ದಾಟುತ್ತ ಬಾಲದತ್ತ ಸರಿಯುತ್ತಿತ್ತು. ಬಾಯಿ ಅರೆತೆರೆದಿತ್ತು. ರೆಪ್ಪೆಯಿಲ್ಲದ ಕಣ್ಣು ಕಿಟಕಿಯಾಚೆಯ ಕೆರೆಯತ್ತ ತಿರುಗಿತ್ತು. ಬೆಳಗಿನವರೆಗೆ ಅದು ಅಲ್ಲಿಯೇ ಈಜುತ್ತಿತ್ತು. ಮಿಯಾಪುರ ಬಡಾವಣೆಯ ಈ ಹದಿನಾಲ್ಕು ಅಂತಸ್ತಿನ ಕಟ್ಟಡದ ಬಚ್ಚಲುನೀರು ಸೇರುವುದೂ ಅಲ್ಲಿಗೇ.

"ಅದರ ಮುಖ ಏನ್ ನೋಡ್ತೀಯ? ಮೊದ್ಲು ಸೋಪ್ ಹಾಕಿ ಕೈ ತೊಳ್ಕೊ, ಗಬ್ಬು ನಾರ್ತಿದೀಯ," ಎಂದಳು ಮನೆಯೊಡತಿ ಭವಾನಿ.

ಅಡುಗೆಯ ಗದಿಗೆಮ್ಮ ಕೈ ತೊಳೆದು, ಮೀನನ್ನು ಎತ್ತಿಕೊಂಡು ಈಳಿಗೆಯ ಮುಂದೆ ಕುಳಿತಳು. ಭವಾನಿಯ ಸೊಸೆ ಲಹರಿಗೆ ಏಳು ತಿಂಗಳು. ಗದಿಗೆಮ್ಮನ ಮಗಳು ತಾರಾಳಿಗೂ ಏಳು. ತಾರಾಳ ಮೈಯಲ್ಲಿ ರಕ್ತವಿಲ್ಲ, ಮೀನು ತಿನ್ನಿಸಿ ಎಂದು ಕೊಳೆಗೇರಿಯ ಬಸ್ತಿ ದವಾಖಾನೆಯ ಡಾಕ್ಟರು ಹೇಳಿದ್ದರು. ಅದನ್ನು ಕೇಳಿದ ಮೇಲೆ ಭವಾನಿ ತಿಂಗಳಿಂದ ಮೀನಿನ ತಲೆ, ಚರ್ಮ, ಹೊಟ್ಟೆಯ ಕೊಬ್ಬನ್ನು ಕವರಿಗೆ ಹಾಕಿ ಕೊಡುತ್ತಿದ್ದಳು. ಗದಿಗೆಮ್ಮ ಪ್ರತಿ ಸಲವೂ ಅವಳ ಮನೆತನವನ್ನು ಹರಸುತ್ತಿದ್ದಳು. ಈ ಬೆಳಿಗ್ಗೆಯೂ ತಾರಾ ಕೂಗಿ ಹೇಳಿದ್ದಳು: "ಅವ್ವಾ, ತಲಿ ಮರೀಬ್ಯಾಡ."

ನಡುಮನೆಯಲ್ಲಿ ಲಹರಿ ಕೆರೆಯ ಮೀನು ಬೇಡವೆಂದು ಹಟ ಹಿಡಿದಿದ್ದಳು. ಐಸಿನಲ್ಲಿ ವಾರಗಟ್ಟಲೆ ಬಿದ್ದ ಮೀನಿಗಿಂತ ಒದ್ದಾಡುವ ಕೆರೆಮೀನು ವಾಸಿ, ಮಗುವಿನ ಮಿದುಳಿಗೆ ಒಳ್ಳೆಯದು ಎಂದು ಭವಾನಿ ಸಮಾಧಾನ ಹೇಳುತ್ತಿದ್ದಳು. ಪರಿಚಯದ ಡಾಕ್ಟರನ್ನು ತಿಂಗಳ ಹಿಂದೆಯೇ ವಿಚಾರಿಸಿದ್ದಳಂತೆ.

"ವಿಷ ಇದ್ರೂ ಹೆಚ್ಚಾಗಿ ತಲೆ, ಚರ್ಮ, ಕೊಬ್ಬಲ್ಲೇ ಕೂತಿರುತ್ತಂತೆ. ಅದನ್ನೆಲ್ಲ ತೆಗೆಸಿಬಿಡ್ತೀನಲ್ಲ."

ಈಳಿಗೆಯ ಮೇಲೆ ಗದಿಗೆಮ್ಮನ ಕೈ ನಿಂತಿತು. ಎದ್ದು ನಡುಮನೆಯ ಹೊಸ್ತಿಲಿಗೆ ಬಂದಳು.

"ತಿಂಗಳಿಂದ ಗೊತ್ತಿತ್ತೇನ್ರಿ ಅಕ್ಕಾರ, ನಿಮಗ?"

ಭವಾನಿ ತಡವರಿಸಲಿಲ್ಲ. "ಚೆಲ್ಲೋದ್ಯಾಕೆ ಅಂತ ಕೊಟ್ಟೆ. ನಿಮ್ಮವ್ರಿಗೆ ಇದೆಲ್ಲ ಅಭ್ಯಾಸ. ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ."

"ನಮಗ ಅಭ್ಯಾಸ ಆಗೇತ್ರಿ. ಹೊಟ್ಟ್ಯಾಗಿನ ಕೂಸಿಗೆ ಇನ್ನಾ ಆಗಿಲ್ಲ."

ಲಹರಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡಿದಳು.

ಗದಿಗೆಮ್ಮ ಒಳಗೆ ಹೋಗಿ ಮೀನನ್ನು ಎಂದಿನಂತೆ ಕೊಯ್ದಳು, ತೊಳೆದಳು. ತಲೆ, ಚರ್ಮ, ಕೊಬ್ಬನ್ನು ಕವರಿಗೆ ಹಾಕಲಿಲ್ಲ. ಊಟದ ಮೇಜಿಗೆ ತಂದು, ಭವಾನಿಗೆಂದು ಇಟ್ಟಿದ್ದ ಪಿಂಗಾಣಿ ತಟ್ಟೆಯಲ್ಲಿ ಬಡಿಸಿದಳು.

"ನಿಮ್ಮ ಸುಡಗಾಡ ದಾನ ನೀವ ಉಣ್ರಿ. ಚೆಂದಂಗ ಬೇಯಿಸ್ಕೋರಿ."

"ಸೊಕ್ಕು ನೋಡು ಇವಳದು. ಹೋಗಿ ಮಗಳಿಗೆ ಏನು ತಿನ್ನಿಸ್ತೀಯ ಇವತ್ತು?"

ಕೆರೆಯಂಚಿನ ತಗಡಿನ ಕೋಣೆಯಲ್ಲಿ ತಾರಾ ಈ ಹೊತ್ತಿಗೆ ಹುಣಸೆ ನೆನೆಹಾಕಿ, ಖಾರ ಅರೆದಿಟ್ಟು, ದಾರಿ ನೋಡುತ್ತಿರುವಳು. ಗದಿಗೆಮ್ಮ ಸೆರಗಿಗೆ ಕೈಯೊರೆಸಿಕೊಂಡಳು. ನಾತ ಹೋಗಲಿಲ್ಲ. ಬರಿಗೈಯಲ್ಲಿ ಹೊರಗೆ ನಡೆದಳು.

ಅವಳ ಬೆನ್ನ ಹಿಂದೆ ಬಾಗಿಲು, ಯಾರೂ ತಳ್ಳದೆಯೇ, ಮೆಲ್ಲಗೆ ಬಂದು ಮುಚ್ಚಿಕೊಂಡಿತು.